ಸಾವಿರ ಸಾಲು ಸೇರಿಸಿದರೂ ಟ್ರಿಗರ್ ಓಡುವುದು ಒಂದೇ ಸಲ

ಪ್ರಶ್ನೆ: ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್. ವೋಚರ್ ಟೇಬಲ್‌ಗೆ ಸಾಲು ಸೇರಿದ ಕೂಡಲೇ ಖಾತೆ ಟೇಬಲ್‌ನಲ್ಲಿ ಬ್ಯಾಲೆನ್ಸ್ ತಾನಾಗಿ ಬದಲಾಗಲಿ ಎಂದು ಒಂದು ಟ್ರಿಗರ್ (ಟೇಬಲ್ ಬದಲಾದಾಗ ಡೇಟಾಬೇಸ್ ತಾನೇ ಓಡಿಸುವ ಕೋಡ್) ಬರೆದೆ. ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಮಾರ್ಚ್ 31ಕ್ಕೆ ಎಲ್ಲ ಉಳಿತಾಯ ಖಾತೆಗಳಿಗೂ ಒಟ್ಟಿಗೆ ಬಡ್ಡಿ ಹಾಕಿದೆವು. ಆಗ ಒಂದೇ ಒಂದು ಖಾತೆಯ ಬ್ಯಾಲೆನ್ಸ್ ಬದಲಾಯಿತು. ಎರರ್ ಏನೂ ಬರಲಿಲ್ಲ. ನಮ್ಮ ಸೀನಿಯರ್ ‘ಟ್ರಿಗರ್ ಸಹವಾಸವೇ ಬೇಡ’ ಅನ್ನುತ್ತಾರೆ. ಟ್ರಿಗರ್ ಬರೆಯುವುದೇ ತಪ್ಪಾ? ಬರೆಯುವುದಾದರೆ ಹೇಗೆ ಬರೆಯಬೇಕು?

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಡೇಟಾ ಕಳೆದುಹೋಗಿಲ್ಲ. ಬಡ್ಡಿಯ ವೋಚರ್‌ಗಳೆಲ್ಲ ಟೇಬಲ್‌ನಲ್ಲಿ ಇದ್ದೇ ಇವೆ. ಕೆಟ್ಟಿರುವುದು ಬ್ಯಾಲೆನ್ಸ್ ಕಾಲಂ ಮಾತ್ರ. ಬಡ್ಡಿಯ ಸಾಲುಗಳನ್ನು ಅಳಿಸಿ ಮತ್ತೆ ಹಾಕೋಣ ಎಂದು ಹೊರಡಬೇಡಿ. ಅದೇ ಟ್ರಿಗರ್ ಮತ್ತೆ ಓಡಿ ಲೆಕ್ಕ ಇನ್ನೂ ಸಿಕ್ಕಾಗುತ್ತದೆ. ಪ್ರತಿ ಖಾತೆಯ ಆರಂಭದ ಶಿಲ್ಕಿಗೆ ವೋಚರ್‌ಗಳ ಮೊತ್ತ ಕೂಡಿಸಿ. ಬಂದ ಉತ್ತರವನ್ನು ಈಗಿರುವ ಬ್ಯಾಲೆನ್ಸ್ ಜೊತೆ ಹೋಲಿಸಿ, ವ್ಯತ್ಯಾಸ ಇರುವವುಗಳನ್ನಷ್ಟೇ ತಿದ್ದಿ. ಈ ಹೋಲಿಕೆಯ ಕ್ವೆರಿಯನ್ನು ಎಸೆಯಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ. ಅದರ ಕೆಲಸ ಮುಂದೆಯೂ ಇದೆ.

ಈಗ ಕಾರಣಕ್ಕೆ ಬರೋಣ. ನಿಮ್ಮ ಟ್ರಿಗರ್ ನಾನು ನೋಡಿಲ್ಲ. ಆದರೆ ಈ ಲಕ್ಷಣ ನೋಡಿದರೆ ಒಳಗೆ ಇಂಥದೊಂದು ಸಾಲು ಇರಲೇಬೇಕು: ‘ಸೆಲೆಕ್ಟ್ @ಖಾತೆ = ಖಾತೆಸಂಖ್ಯೆ, @ಮೊತ್ತ = ಮೊತ್ತ ಫ್ರಮ್ ಇನ್ಸರ್ಟೆಡ್’. ಇನ್ಸರ್ಟೆಡ್ ಅಂದರೆ ಆಗಷ್ಟೇ ಸೇರಿದ ಸಾಲುಗಳನ್ನು ಸರ್ವರ್ ಟ್ರಿಗರ್‌ಗೆ ತೋರಿಸುವ ತಾತ್ಕಾಲಿಕ ಟೇಬಲ್. ಆ ಸೆಲೆಕ್ಟ್ ಕೆಳಗೆ ಆ ಖಾತೆಯ ಬ್ಯಾಲೆನ್ಸ್‌ಗೆ ಆ ಮೊತ್ತ ಸೇರಿಸುವ ಒಂದು ಅಪ್‌ಡೇಟ್. ಓದಿದರೆ ಎಷ್ಟು ಸರಿಯಾಗಿದೆ ಅನ್ನಿಸುತ್ತದೆ ಅಲ್ವಾ? ಕೌಂಟರ್‌ನಲ್ಲಿ ಕ್ಯಾಷಿಯರ್ ಒಂದೊಂದೇ ವೋಚರ್ ಹಾಕುವಾಗ ಸರಿಯಾಗಿಯೇ ನಡೆಯುತ್ತದೆ. ಎಂಟು ತಿಂಗಳು ನಡೆದದ್ದು ಅದಕ್ಕೇ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟ್ರಿಗರ್ ಸಾಲಿಗೊಮ್ಮೆ ಓಡುವುದಿಲ್ಲ. ಆಜ್ಞೆಗೊಮ್ಮೆ ಓಡುತ್ತದೆ. ಒಂದೇ ಇನ್ಸರ್ಟ್ ಆಜ್ಞೆ 1,800 ಸಾಲು ಸೇರಿಸಿದರೂ ಟ್ರಿಗರ್ ಓಡುವುದು ಒಂದೇ ಸಲ. ಆಗ ಇನ್ಸರ್ಟೆಡ್ ಟೇಬಲ್‌ನಲ್ಲಿ ಆ 1,800 ಸಾಲುಗಳೂ ಕೂತಿರುತ್ತವೆ. @ ಇರುವ ಒಂದು ವೇರಿಯಬಲ್‌ನಲ್ಲಿ ಹಿಡಿಸುವುದು ಒಂದೇ ಬೆಲೆ. ಹಾಗಾಗಿ ಅವುಗಳಲ್ಲಿ ಯಾವುದೋ ಒಂದು ಸಾಲಿನ ಖಾತೆ ಸಂಖ್ಯೆ ಅಲ್ಲಿ ಉಳಿಯುತ್ತದೆ. ಯಾವ ಸಾಲು ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ಉಳಿದ 1,799 ಖಾತೆಗಳನ್ನು ಯಾರೂ ಮುಟ್ಟುವುದಿಲ್ಲ. ಇದು ತಪ್ಪು ಎಂದು ಸರ್ವರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಎರರ್ ಬರದಿದ್ದದ್ದು ಅದಕ್ಕೆ.

ಇದಕ್ಕೆ ಹಲವರು ಮಾಡುವ ಮೊದಲ ಮದ್ದು ಕರ್ಸರ್. ಇನ್ಸರ್ಟೆಡ್ ಮೇಲೆ ಕರ್ಸರ್ ತೆರೆದು ಒಂದೊಂದೇ ಸಾಲು ಓದುತ್ತಾರೆ. ಲೆಕ್ಕ ಸರಿ ಬರುತ್ತದೆ, ನಿಜ. ಆದರೆ ಅಷ್ಟು ಹೊತ್ತೂ ಖಾತೆಗಳ ಮೇಲೆ ಲಾಕ್ (ಬೇರೆಯವರು ಅವನ್ನು ಬದಲಿಸದಂತೆ ತಡೆ) ಹಿಡಿದಿರುತ್ತದೆ. ಕೌಂಟರ್‌ನಲ್ಲಿ ನಿಂತವರು ಕಾಯುತ್ತಾರೆ. ಕರ್ಸರ್ ಬೇಡ, ಜಾಯಿನ್ ಮಾಡಿ, ಅಂದರೆ ಖಾತೆ ಸಂಖ್ಯೆ ಹೊಂದಿಸಿ ಎರಡೂ ಟೇಬಲ್ ಒಟ್ಟಿಗೆ ಓದಿ.

ಜಾಯಿನ್ ಮಾಡುವಾಗಲೂ ಒಂದು ಗುಂಡಿ ಇದೆ. ಅನುಭವ ಇರುವವರೂ ಇದರಲ್ಲಿ ಬೀಳುತ್ತಾರೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಖಾತೆ ಟೇಬಲ್ಲನ್ನು ಇನ್ಸರ್ಟೆಡ್ ಜೊತೆ ನೇರವಾಗಿ ಜಾಯಿನ್ ಮಾಡಿ ಬ್ಯಾಲೆನ್ಸ್ ಅಪ್‌ಡೇಟ್ ಮಾಡಿದಿರಿ ಅಂದುಕೊಳ್ಳಿ. ಒಂದೇ ಆಜ್ಞೆಯಲ್ಲಿ 101ನೇ ಖಾತೆಗೆ ಎರಡು ಸಾಲು ಬಂದಿವೆ. ಒಂದು 250 ರೂಪಾಯಿ ಬಡ್ಡಿ, ಇನ್ನೊಂದು 40 ರೂಪಾಯಿ ಹಳೆಯ ವ್ಯತ್ಯಾಸ. ಬ್ಯಾಲೆನ್ಸ್ 290 ಏರಬೇಕು. ಏರುವುದು 250 ಅಥವಾ 40 ಮಾತ್ರ. ಯಾಕೆಂದರೆ ಒಂದು ಅಪ್‌ಡೇಟ್ ಆಜ್ಞೆ ಗುರಿಯ ಸಾಲನ್ನು ಒಂದೇ ಸಲ ಮುಟ್ಟುತ್ತದೆ. ಜಾಯಿನ್‌ನಲ್ಲಿ ಎರಡು ಜೋಡಿ ಸಿಕ್ಕರೆ ಯಾವುದೋ ಒಂದನ್ನು ಆರಿಸಿಕೊಳ್ಳುತ್ತದೆ. ಇಲ್ಲೂ ಎರರ್ ಇಲ್ಲ. ಆದ್ದರಿಂದ ಮೊದಲು ಇನ್ಸರ್ಟೆಡ್‌ನ ಸಾಲುಗಳನ್ನು ಖಾತೆವಾರು ಗ್ರೂಪ್ ಬೈ ಮಾಡಿ ಮೊತ್ತ ಕೂಡಿ. ಖಾತೆಗೆ ಒಂದೇ ಸಾಲು ಎಂಬಂತಾದ ಮೇಲೆ ಜಾಯಿನ್ ಮಾಡಿ.

ಇನ್ನು ತಿದ್ದುವುದು, ಅಳಿಸುವುದು. ನಿಮ್ಮ ಟ್ರಿಗರ್ ಬರೀ ಇನ್ಸರ್ಟ್‌ಗೆ ಮಾತ್ರ ಇದ್ದರೆ, ಕ್ಯಾಷಿಯರ್ ತಪ್ಪು ವೋಚರ್ ತಿದ್ದಿದ ದಿನ ಬ್ಯಾಲೆನ್ಸ್ ಮತ್ತೆ ಕೆಡುತ್ತದೆ. ಹಾಗೆಂದು ಮೂರು ಟ್ರಿಗರ್ ಬರೆಯುವುದು ಬೇಕಿಲ್ಲ. ನಾನು ಬಳಸುವ ಒಂದು ಸುಲಭದ ಲೆಕ್ಕ ಇದೆ. ಇನ್ಸರ್ಟೆಡ್‌ನಲ್ಲಿ ಇರುವುದು ಹೊಸ ರೂಪ, ಅದರ ಜೊತೆಗಿನ ಡಿಲೀಟೆಡ್ ಟೇಬಲ್‌ನಲ್ಲಿ ಇರುವುದು ಹಳೆಯ ರೂಪ. ಇನ್ಸರ್ಟೆಡ್‌ನ ಮೊತ್ತವನ್ನು ಹಾಗೇ ತೆಗೆದುಕೊಳ್ಳಿ. ಡಿಲೀಟೆಡ್‌ನ ಮೊತ್ತವನ್ನು ಮೈನಸ್ ಮಾಡಿ ತೆಗೆದುಕೊಳ್ಳಿ. ಎರಡನ್ನೂ ಯೂನಿಯನ್ ಆಲ್‌ನಿಂದ ಸೇರಿಸಿ, ಖಾತೆವಾರು ಗ್ರೂಪ್ ಮಾಡಿ, ಕೂಡಿ. ಬಂದದ್ದನ್ನು ಬ್ಯಾಲೆನ್ಸ್‌ಗೆ ಸೇರಿಸಿ.

ಕಾಗದದ ಮೇಲೆ ಒಮ್ಮೆ ನೋಡಿ. ಕ್ಯಾಷಿಯರ್ 500 ರೂಪಾಯಿ ಜಮೆಯನ್ನು 102ಕ್ಕೆ ಹಾಕುವ ಬದಲು 101ಕ್ಕೆ ಹಾಕಿದ್ದಾರೆ. ಆಮೇಲೆ ವೋಚರ್‌ನಲ್ಲಿ ಖಾತೆ ಸಂಖ್ಯೆ ತಿದ್ದುತ್ತಾರೆ. ಇದು ಒಂದು ಅಪ್‌ಡೇಟ್. ಡಿಲೀಟೆಡ್‌ನಲ್ಲಿ 101, 500 ಇದೆ. ಇನ್ಸರ್ಟೆಡ್‌ನಲ್ಲಿ 102, 500 ಇದೆ. ಲೆಕ್ಕ ಹಾಕಿದರೆ 101ಕ್ಕೆ ಮೈನಸ್ 500, 102ಕ್ಕೆ ಪ್ಲಸ್ 500. ಹಳೆಯ ಖಾತೆಯಿಂದ ಕಳೆದು ಹೊಸ ಖಾತೆಗೆ ಸೇರಿತು. ಹೊಸ ವೋಚರ್ ಆದರೆ ಡಿಲೀಟೆಡ್ ಖಾಲಿ. ಅಳಿಸಿದರೆ ಇನ್ಸರ್ಟೆಡ್ ಖಾಲಿ. ಮೂರಕ್ಕೂ ಒಂದೇ ಕ್ವೆರಿ ಸಾಕು, ಇಫ್-ಎಲ್ಸ್ ಒಂದೂ ಬೇಡ. ಎಷ್ಟೋ ವರ್ಷದಿಂದ ಇದನ್ನೇ ಬರೆಯುತ್ತಿದ್ದೇನೆ, ಈಗಲೂ ಬರೆಯುವಾಗ ಖುಷಿಯಾಗುತ್ತದೆ.

ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗಬಾರದು ಅನ್ನುವ ನಿಯಮವೂ ನಿಮ್ಮಲ್ಲಿ ಇರಬಹುದು. ಅದನ್ನು ಟ್ರಿಗರ್ ಒಳಗೆ ಬರೆಯಬೇಡಿ. ಖಾತೆ ಟೇಬಲ್‌ನ ಬ್ಯಾಲೆನ್ಸ್ ಕಾಲಂ ಮೇಲೆ ಚೆಕ್ ಕನ್‌ಸ್ಟ್ರೇಂಟ್ (ಡೇಟಾಬೇಸೇ ಕಾಯುವ ಷರತ್ತು) ಹಾಕಿ. ಟ್ರಿಗರ್ ಮಾಡುವ ಅಪ್‌ಡೇಟ್ ಆ ನಿಯಮ ಮುರಿದರೆ ವೋಚರ್ ಸಮೇತ ಎಲ್ಲವೂ ಹಿಂದಕ್ಕೆ ಹೋಗುತ್ತದೆ. ನೀವು ಒಂದು ಅಕ್ಷರವೂ ಬರೆಯಬೇಕಿಲ್ಲ. ಟ್ರಿಗರ್ ಬರೆಯಲು ಕೂರುವ ಮೊದಲು ಸದಾ ಇದನ್ನು ಕೇಳಿಕೊಳ್ಳಿ: ಈ ಕೆಲಸಕ್ಕೆ ಡೇಟಾಬೇಸ್‌ನಲ್ಲೇ ಬೇರೆ ಸಲಕರಣೆ ಇದೆಯಾ? ಸಂಬಂಧ ಕಾಯಲು ಫಾರಿನ್ ಕೀ ಇದೆ. ತಾನಾಗಿ ಬೆಲೆ ತುಂಬಲು ಡಿಫಾಲ್ಟ್ ಇದೆ. ಒಂದೇ ಸಾಲಿನ ಒಳಗಿನ ಲೆಕ್ಕಕ್ಕೆ ಕಂಪ್ಯೂಟೆಡ್ ಕಾಲಂ ಇದೆ. ಹಳೆಯ ಬೆಲೆಗಳ ಇತಿಹಾಸ ಬೇಕಾದರೆ ಎಸ್‌ಕ್ಯೂಎಲ್ ಸರ್ವರ್ 2016ರಿಂದ ಟೆಂಪೊರಲ್ ಟೇಬಲ್ ಇದೆ. ನಿಮ್ಮ ಬ್ಯಾಲೆನ್ಸ್‌ಗೇ ಇಂಡೆಕ್ಸ್ಡ್ ವ್ಯೂ (ಉತ್ತರವನ್ನು ಸರ್ವರೇ ಇಟ್ಟುಕೊಂಡಿರುವ ಕ್ವೆರಿ) ಒಂದು ದಾರಿ. ವೋಚರ್ ಮೊತ್ತವನ್ನು ಖಾತೆವಾರು ಸಮ್ ಮಾಡುವ ವ್ಯೂ ಬರೆದು, ಜೊತೆಗೆ ಕೌಂಟ್‌ಬಿಗ್ (ಸಾಲುಗಳ ಎಣಿಕೆ) ಇಟ್ಟು, ಅದರ ಮೇಲೆ ಯುನೀಕ್ ಕ್ಲಸ್ಟರ್ಡ್ ಇಂಡೆಕ್ಸ್ ಹಾಕಿದರೆ ಮೊತ್ತವನ್ನು ಸರ್ವರೇ ನೋಡಿಕೊಳ್ಳುತ್ತದೆ. ಆದರೆ ಇಂಥ ವ್ಯೂ ಮೇಲೆ ಚೆಕ್ ಕನ್‌ಸ್ಟ್ರೇಂಟ್ ಹಾಕಲು ಬರುವುದಿಲ್ಲ. ಬ್ಯಾಲೆನ್ಸ್ ಸೊನ್ನೆಗಿಂತ ಇಳಿಯದಂತೆ ಕಾಯಲೇಬೇಕಾದ ಕಡೆ ನಾನು ಟ್ರಿಗರನ್ನೇ ಆರಿಸುತ್ತೇನೆ.

ನಿಮ್ಮ ಸೀನಿಯರ್ ಮಾತಿನ ಬಗ್ಗೆ. ಅವರ ಭಯಕ್ಕೆ ಕಾರಣ ಇದೆ. ಟ್ರಿಗರ್ ಓಡುವುದು ಬೇರೆಯವರ ಟ್ರಾನ್ಸಾಕ್ಷನ್ (ಪೂರ್ತಿ ಉಳಿಯುವ ಅಥವಾ ಪೂರ್ತಿ ರದ್ದಾಗುವ ಕೆಲಸಗಳ ಗುಂಪು) ಒಳಗೆ. ಇನ್ಸರ್ಟ್ ಬರೆದವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಅದು ನಿಧಾನವಾದರೆ ಅವರ ಇನ್ಸರ್ಟ್ ನಿಧಾನ. ಅದು ಬಿದ್ದರೆ ಅವರ ಇನ್ಸರ್ಟ್ ಬಿತ್ತು. ಆದರೆ ಅದೇ ಕಾರಣಕ್ಕೆ ಅದಕ್ಕೆ ಬೆಲೆಯೂ ಇದೆ. ಕೌಂಟರ್ ಸ್ಕ್ರೀನ್, ಮೊಬೈಲ್ ಆ್ಯಪ್, ಯಾರೋ ನೇರವಾಗಿ ಬರೆದ ಕ್ವೆರಿ, ಯಾವ ದಾರಿಯಿಂದ ವೋಚರ್ ಬಂದರೂ ಬ್ಯಾಲೆನ್ಸ್ ಅದರ ಜೊತೆಗೇ ಬದಲಾಗುತ್ತದೆ. ಆ್ಯಪ್ ಕೋಡ್‌ನಲ್ಲಿ ಇಟ್ಟರೆ ಈ ಭರವಸೆ ಸಿಗುವುದಿಲ್ಲ. ಹಾಗಾಗಿ ನನ್ನ ಮಾತು ಇಷ್ಟು: ಡೇಟಾ ಸರಿ ಇರಲೇಬೇಕು ಅನ್ನುವ ಕಡೆ ಟ್ರಿಗರ್ ಬರೆಯಿರಿ. ಬರೆಯುವಾಗ ಅಲ್ಲಿ ನೀವು ಅತಿಥಿ ಅನ್ನುವುದು ನೆನಪಿರಲಿ.

ಈ ಅತಿಥಿಯ ಕಾಲು ಬೇರೆಯವರಿಗೆ ತೊಡರುವ ಒಂದು ಜಾಗವನ್ನು ನಾನೇ ನೋಡಿದ್ದೇನೆ. ಒಂದು ಸಂಘದಲ್ಲಿ ರಸೀದಿ ಮೇಲೆ ಬರುವ ವೋಚರ್ ನಂಬರ್ ಒಂದು ಬೆಳಿಗ್ಗೆಯಿಂದ ಇದ್ದಕ್ಕಿದ್ದಂತೆ ತಪ್ಪಾಗಿ ಬರತೊಡಗಿತು. 48,000ದ ಆಸುಪಾಸಿನ ನಂಬರ್ ಬರುವ ಕಡೆ 12, 13, 14 ಎಂದು ಬರುತ್ತಿತ್ತು. ರಸೀದಿಯ ಕೋಡ್ ಯಾರೂ ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ನಾನು ವೋಚರ್ ಟೇಬಲ್‌ಗೆ ಆಡಿಟ್ ಟ್ರಿಗರ್ ಹಾಕಿದ್ದೆ. ಯಾರು ಯಾವಾಗ ಏನು ಬದಲಿಸಿದರು ಎಂದು ಅದು ಲಾಗ್ ಟೇಬಲ್‌ಗೆ ಬರೆಯುತ್ತಿತ್ತು. ಲಾಗ್ ಟೇಬಲ್‌ನಲ್ಲೂ ಐಡೆಂಟಿಟಿ ಕಾಲಂ (ಸಾಲಿಗೆ ತಾನಾಗಿ ನಂಬರ್ ಹಾಕುವ ಕಾಲಂ) ಇತ್ತು. ರಸೀದಿಯ ಹಳೆಯ ಕೋಡ್ ಹೊಸ ನಂಬರ್ ತಿಳಿಯಲು @@ಐಡೆಂಟಿಟಿ ಕೇಳುತ್ತಿತ್ತು. ಅದು ಕೊಡುವುದು ಆ ಕನೆಕ್ಷನ್‌ನಲ್ಲಿ ಕೊನೆಗೆ ಹುಟ್ಟಿದ ನಂಬರ್. ಕೊನೆಗೆ ಹುಟ್ಟಿದ್ದು ಲಾಗ್‌ನ ನಂಬರ್! ಸ್ಕೋಪ್_ಐಡೆಂಟಿಟಿ ಎಂದು ಬದಲಿಸಿದ ಮೇಲೆ ಸರಿಹೋಯಿತು. ಅದು ತನ್ನ ಸ್ಕೋಪ್‌ನ ನಂಬರ್ ಮಾತ್ರ ಕೊಡುತ್ತದೆ, ಟ್ರಿಗರ್ ಒಳಗೆ ಹುಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅಷ್ಟರಲ್ಲಿ ಅರ್ಧ ದಿನದ ರಸೀದಿಗಳು ಹೊರಗೆ ಹೋಗಿದ್ದವು. ಅವನ್ನೆಲ್ಲ ಪೆನ್ನಿನಲ್ಲಿ ತಿದ್ದಬೇಕಾಯಿತು. ಟ್ರಿಗರ್ ಹಾಕುವ ಮೊದಲು ಆ ಟೇಬಲ್‌ಗೆ ಬರೆಯುವ ಕೋಡ್‌ನಲ್ಲೆಲ್ಲ @@ಐಡೆಂಟಿಟಿ ಇದೆಯಾ ಎಂದು ಹುಡುಕುವುದು ಅಂದಿನಿಂದ ನನ್ನ ಮೊದಲ ಕೆಲಸ.

ಇದೇ ಜಾತಿಯ ಇನ್ನೆರಡು ತೊಡಕು. ಟ್ರಿಗರ್‌ನ ಮೊದಲ ಸಾಲಾಗಿ ‘ಸೆಟ್ ನೋಕೌಂಟ್ ಆನ್’ ಬರೆಯಿರಿ. ಇಲ್ಲದಿದ್ದರೆ ಟ್ರಿಗರ್ ಒಳಗಿನ ಅಪ್‌ಡೇಟ್‌ನ ಸಾಲು ಲೆಕ್ಕವೂ ಹೊರಗೆ ಹೋಗುತ್ತದೆ. ಎಷ್ಟು ಸಾಲು ಬದಲಾಯಿತು ಎಂದು ನೋಡುವ ಪ್ರೋಗ್ರಾಂ ಗೊಂದಲಕ್ಕೆ ಬೀಳುತ್ತದೆ. ಎರಡನೆಯದು, ನೀವು ಎಂಟಿಟಿ ಫ್ರೇಮ್‌ವರ್ಕ್ ಕೋರ್ (ಆ್ಯಪ್ ಕೋಡ್‌ನಿಂದ ಡೇಟಾಬೇಸ್‌ಗೆ ಬರೆಯುವ ಲೈಬ್ರರಿ) ಬಳಸುತ್ತಿದ್ದರೆ. ಅದರ 7ನೇ ಆವೃತ್ತಿಯಿಂದ ಸೇವ್ ಮಾಡುವಾಗ ಅದು ಆಜ್ಞೆಯಲ್ಲಿ ಔಟ್‌ಪುಟ್ ಎಂಬ ಭಾಗ (ಬದಲಾದ ಸಾಲಿನ ಬೆಲೆ ವಾಪಸ್ ಕೊಡುವುದು) ಬಳಸುತ್ತದೆ. ಇನ್‌ಟು ಇಲ್ಲದ ಔಟ್‌ಪುಟ್ ಟ್ರಿಗರ್ ಇರುವ ಟೇಬಲ್ ಮೇಲೆ ನಡೆಯುವುದಿಲ್ಲ. ಟ್ರಿಗರ್ ಹಾಕಿದ ಕೂಡಲೇ ಸೇವ್ ಆಗುವುದೇ ನಿಂತುಹೋಗುತ್ತದೆ. ಮಾಡೆಲ್‌ನಲ್ಲಿ ಆ ಟೇಬಲ್‌ಗೆ ‘ಹ್ಯಾಸ್‌ಟ್ರಿಗರ್’ ಎಂದು ಹೇಳಿದರೆ ಸರಿಯಾಗುತ್ತದೆ.

ಎಸ್‌ಎಂಎಸ್ ವಿಷಯ ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಸಂಘದವರು ಮುಂದೆ ಕೇಳುವುದು ಇದನ್ನೇ. ‘ನಿಮ್ಮ ಖಾತೆಗೆ ಇಷ್ಟು ಜಮೆ ಆಗಿದೆ’ ಎಂದು ಮೆಸೇಜ್ ಹೋಗಬೇಕು, ಟ್ರಿಗರ್ ಹೇಗೂ ಇದೆಯಲ್ಲ, ಅಲ್ಲಿಂದಲೇ ಕಳಿಸಿಬಿಡೋಣ ಅನ್ನಿಸುತ್ತದೆ. ಬೇಡ. ಟ್ರಿಗರ್ ಓಡುವಾಗ ಟ್ರಾನ್ಸಾಕ್ಷನ್ ಇನ್ನೂ ಕಮಿಟ್ ಆಗಿರುವುದಿಲ್ಲ, ಅಂದರೆ ಖಾಯಂ ಆಗಿರುವುದಿಲ್ಲ. ಮೆಸೇಜ್ ಹೊರಟ ಮೇಲೆ ರೋಲ್‌ಬ್ಯಾಕ್ ಆದರೆ (ಎಲ್ಲ ರದ್ದಾದರೆ), ಬಾರದ ದುಡ್ಡಿಗೆ ಬಂದಿದೆ ಎಂದು ಹೇಳಿದ ಹಾಗಾಯಿತು. ಹೋದ ಮೆಸೇಜ್ ವಾಪಸ್ ಕರೆಯಲು ಆಗುವುದಿಲ್ಲ. ಅತ್ತ ಎಸ್‌ಎಂಎಸ್ ಗೇಟ್‌ವೇ ನಿಧಾನವಾದರೆ ಇತ್ತ ಕೌಂಟರ್‌ನಲ್ಲಿ ವೋಚರ್ ಸೇವ್ ಆಗುವುದೂ ನಿಧಾನ. ಕಳಿಸಬೇಕಾದ್ದನ್ನು ಟ್ರಿಗರ್ ಒಂದು ಟೇಬಲ್‌ಗೆ ಬರೆದಿಡಲಿ, ಅಷ್ಟೇ. ರೋಲ್‌ಬ್ಯಾಕ್ ಆದರೆ ಆ ಸಾಲೂ ಹೋಗುತ್ತದೆ. ಕಮಿಟ್ ಆದದ್ದನ್ನು ಬೇರೆ ಜಾಬ್ ಓದಿ ಕಳಿಸಲಿ.

ಬದಲಾವಣೆ ಹಿಡಿಯುವ ಟ್ರಿಗರ್‌ಗಳಲ್ಲಿ ಒಂದು ಹೆಸರು ದಾರಿ ತಪ್ಪಿಸುತ್ತದೆ. ‘ಅಪ್‌ಡೇಟ್(ಕಾಲಂ)’ ಎಂಬ ಫಂಕ್ಷನ್ ಆ ಕಾಲಂ ಬದಲಾಯಿತಾ ಎಂದು ಹೇಳುತ್ತದೆ ಅಂದುಕೊಳ್ಳುತ್ತೇವೆ. ಅದು ಹೇಳುವುದು ಆಜ್ಞೆಯ ಸೆಟ್ ಭಾಗದಲ್ಲಿ ಆ ಕಾಲಂ ಹೆಸರು ಇತ್ತಾ ಎಂದು ಮಾತ್ರ. ಬೆಲೆ ಮೊದಲಿನದೇ ಆಗಿದ್ದರೂ ಹೌದು ಅನ್ನುತ್ತದೆ. ನಿಜವಾಗಿ ಬದಲಾಯಿತಾ ತಿಳಿಯಲು ಇನ್ಸರ್ಟೆಡ್ ಮತ್ತು ಡಿಲೀಟೆಡ್ ಎರಡನ್ನೂ ಪ್ರೈಮರಿ ಕೀ ಮೇಲೆ ಜಾಯಿನ್ ಮಾಡಿ ಹೋಲಿಸಬೇಕು. ಅಲ್ಲಿ ನಲ್ (ಬೆಲೆಯೇ ಇಲ್ಲದ ಖಾಲಿ ಜಾಗ) ಇದ್ದರೆ ಸುಮ್ನೆ ‘ಸಮ ಅಲ್ಲ’ ಎಂದು ಕೇಳಿದರೆ ಸಾಲದು. ಖಾಲಿ ಇದ್ದ ಮೊಬೈಲ್ ನಂಬರನ್ನು ಯಾರೋ ತುಂಬಿದರು ಅನ್ನಿ. ನಲ್ ಜೊತೆ ಹೋಲಿಸಿದರೆ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಆ ಬದಲಾವಣೆ ಲಾಗ್‌ಗೆ ಬರುವುದೇ ಇಲ್ಲ. ಎಕ್ಸೆಪ್ಟ್ ಬಳಸಿ ಹೋಲಿಸಿ. 2022ರ ಆವೃತ್ತಿ ಇದ್ದರೆ ‘ಈಸ್ ಡಿಸ್ಟಿಂಕ್ಟ್ ಫ್ರಮ್’ ಇದೆ.

ಯಾರು ಬದಲಿಸಿದರು ಅನ್ನುವುದಕ್ಕೂ ಎಚ್ಚರ ಬೇಕು. ಎಲ್ಲ ಕ್ಯಾಷಿಯರ್‌ಗಳೂ ಆ್ಯಪ್‌ನ ಒಂದೇ ಲಾಗಿನ್‌ನಲ್ಲಿ ಡೇಟಾಬೇಸ್‌ಗೆ ಬರುತ್ತಿದ್ದರೆ ಲಾಗ್ ತುಂಬಾ ಆ ಒಂದೇ ಹೆಸರು ಬೀಳುತ್ತದೆ. ಕನೆಕ್ಷನ್ ತೆರೆದ ಕೂಡಲೇ ಆ್ಯಪ್ ತನ್ನ ಬಳಕೆದಾರರ ಹೆಸರನ್ನು ಸೆಷನ್ ಕಾಂಟೆಕ್ಸ್ಟ್‌ನಲ್ಲಿ ಇಡಲಿ, ಟ್ರಿಗರ್ ಅಲ್ಲಿಂದ ಓದಲಿ.

ಇನ್ನೊಂದು ಸ್ವಲ್ಪ ಕಷ್ಟದ ವಿಷಯ: ಇಬ್ಬರು ಒಟ್ಟಿಗೆ ಬಂದಾಗ. ಒಬ್ಬ ಸದಸ್ಯ ಎರಡಕ್ಕಿಂತ ಹೆಚ್ಚು ಸಾಲಕ್ಕೆ ಜಾಮೀನು ನಿಲ್ಲಬಾರದು ಎಂಬ ನಿಯಮ ಇದೆ ಅನ್ನೋಣ. ಜಾಮೀನು ಟೇಬಲ್ ಮೇಲಿನ ಟ್ರಿಗರ್ ಆ ಸದಸ್ಯನ ಸಾಲುಗಳನ್ನು ಎಣಿಸಿ, ಎರಡು ದಾಟಿದರೆ ಎರರ್ ಎಸೆಯುತ್ತದೆ. ಈಗಾಗಲೇ ಒಂದು ಜಾಮೀನು ಇದೆ. ಎರಡು ಕೌಂಟರ್‌ಗಳಲ್ಲಿ ಒಂದೇ ಗಳಿಗೆಯಲ್ಲಿ ಒಂದೊಂದು ಸೇರಿಸುತ್ತಾರೆ. ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಆನ್ ಇದ್ದರೆ (ಅಜೂರ್ ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಅದು ಮೊದಲಿಂದಲೇ ಆನ್ ಇರುತ್ತದೆ) ಒಬ್ಬರ ಕಮಿಟ್ ಆಗದ ಸಾಲು ಇನ್ನೊಬ್ಬರಿಗೆ ಕಾಣುವುದಿಲ್ಲ. ಇಬ್ಬರಿಗೂ ಲೆಕ್ಕ ಎರಡೇ ಬರುತ್ತದೆ. ಇಬ್ಬರೂ ಪಾಸ್. ಟೇಬಲ್‌ನಲ್ಲಿ ಮೂರು. ಇದಕ್ಕೆ ಮದ್ದು, ಎಣಿಸುವ ಮೊದಲು ಸದಸ್ಯರ ಟೇಬಲ್‌ನಲ್ಲಿ ಆ ಸದಸ್ಯನ ಸಾಲಿಗೆ ಅಪ್‌ಡೇಟ್ ಲಾಕ್ ಹಿಡಿಯುವುದು. ಎರಡನೆಯವರು ಅಲ್ಲೇ ಕಾಯುತ್ತಾರೆ. ಮೊದಲನೆಯವರು ಕಮಿಟ್ ಮಾಡಿದ ಮೇಲೆ ಎಣಿಸುತ್ತಾರೆ, ಮೂರು ಎಂದು ಕಾಣುತ್ತದೆ. ನಿಮ್ಮ ಬ್ಯಾಲೆನ್ಸ್ ಟ್ರಿಗರ್‌ಗೆ ಈ ತೊಂದರೆ ಇಲ್ಲ. ಖಾತೆಯ ಸಾಲನ್ನು ಅಪ್‌ಡೇಟ್ ಮಾಡುವುದರಿಂದ ಲಾಕ್ ತಾನಾಗಿ ಬರುತ್ತದೆ.

ಎರರ್ ಎಸೆಯಲು ಥ್ರೋ ಬಳಸಿ, ರೈಸ್‌ಎರರ್ ಅಲ್ಲ. ಟ್ರಿಗರ್ ಒಳಗೆ ಎಕ್ಸ್ಆ್ಯಕ್ಟ್ ಅಬಾರ್ಟ್ (ಎರರ್ ಬಂದರೆ ಎಲ್ಲ ರದ್ದು ಮಾಡುವ ಸೆಟ್ಟಿಂಗ್) ಮೊದಲಿಂದಲೇ ಆನ್ ಇರುತ್ತದೆ. ಥ್ರೋ ಅದಕ್ಕೆ ಬೆಲೆ ಕೊಡುತ್ತದೆ, ಹಾಗಾಗಿ ಎಲ್ಲವೂ ಹಿಂದಕ್ಕೆ ಹೋಗುತ್ತದೆ. ರೈಸ್‌ಎರರ್ ಒಂದನ್ನೇ ಬರೆದು ಬಿಟ್ಟರೆ ತೆರೆಯ ಮೇಲೆ ಎರರ್ ಕಂಡರೂ ಸಾಲು ಟೇಬಲ್‌ಗೆ ಹೋಗಿಯೇ ಬಿಡಬಹುದು. ಥ್ರೋ ಹಿಂದಿನ ಆಜ್ಞೆಗೆ ಸೆಮಿಕೋಲನ್ ಹಾಕಲು ಮರೆಯಬೇಡಿ.

ಮುಂದೆ ಬೇರೆ ಡೇಟಾಬೇಸ್‌ಗೆ ಹೋದರೆ ನಿಯಮಗಳು ಬದಲಾಗುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಇರುವುದು ಸಾಲಿಗೊಮ್ಮೆ ಓಡುವ ಟ್ರಿಗರ್ ಮಾತ್ರ. ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಬಗೆ ಇವೆ. ಅಲ್ಲಿ 10ನೇ ಆವೃತ್ತಿಯಿಂದ ಟ್ರಾನ್ಸಿಷನ್ ಟೇಬಲ್ (ಇನ್ಸರ್ಟೆಡ್, ಡಿಲೀಟೆಡ್ ಥರದವು) ಬಂದಿರುವುದರಿಂದ ನಾನು ಮೇಲೆ ಹೇಳಿದ ಲೆಕ್ಕವನ್ನೇ ಬರೆಯಬಹುದು. ಒಂದೇ ಬಗೆಯ ಹಲವು ಟ್ರಿಗರ್ ಇದ್ದರೆ ಅಲ್ಲಿ ಅವು ಹೆಸರಿನ ಅಕ್ಷರ ಕ್ರಮದಲ್ಲಿ ಓಡುತ್ತವೆ. ಒರಾಕಲ್‌ನಲ್ಲಿ ಸಾಲಿಗೊಮ್ಮೆ ಓಡುವ ಟ್ರಿಗರ್ ತನ್ನದೇ ಟೇಬಲ್ ಓದಲು ಹೋದರೆ ಮ್ಯುಟೇಟಿಂಗ್ ಟೇಬಲ್ ಎಂಬ 4091ನೇ ಎರರ್ ಕೊಡುತ್ತದೆ. ಅಲ್ಲಿ ಕಾಂಪೌಂಡ್ ಟ್ರಿಗರ್ ಬರೆಯುತ್ತಾರೆ.

ಇನ್ನು ಪರೀಕ್ಷೆ. ಒಂದು ವೋಚರ್ ಹಾಕಿ ನೋಡಿ ‘ಸರಿಯಾಗಿದೆ’ ಅಂದದ್ದೇ ನಿಮ್ಮನ್ನು ಮಾರ್ಚ್ 31ರವರೆಗೆ ತಂದದ್ದು. ಬೇರೆ ಬೇರೆ ಖಾತೆಗೆ ಮೂರು ಸಾಲನ್ನು ಒಂದೇ ಇನ್ಸರ್ಟ್‌ನಲ್ಲಿ ಹಾಕಿ. ಒಂದೇ ಖಾತೆಗೆ ಎರಡು ಸಾಲು ಹಾಕಿ. ಖಾತೆ ಸಂಖ್ಯೆ ತಿದ್ದಿ. ಹತ್ತು ಸಾಲು ಒಟ್ಟಿಗೆ ಅಳಿಸಿ. ಯಾವ ಸಾಲಿಗೂ ಹೊಂದದ ಅಪ್‌ಡೇಟ್ ಓಡಿಸಿ. ಸೊನ್ನೆ ಸಾಲು ಬದಲಾದರೂ ಟ್ರಿಗರ್ ಓಡುತ್ತದೆ, ಆಗ ಅದು ಸುಮ್ಮನೆ ವಾಪಸ್ ಬರಬೇಕು. ಅದಕ್ಕೆ ಶುರುವಿನಲ್ಲೇ ಇನ್ಸರ್ಟೆಡ್, ಡಿಲೀಟೆಡ್ ಎರಡೂ ಖಾಲಿಯಾ ಎಂದು ಎಕ್ಸಿಸ್ಟ್ಸ್ ಹಾಕಿ ನೋಡಿ. ಎಷ್ಟು ಸಾಲು ಬದಲಾಯಿತು ಎಂದು ಹೇಳುವ @@ರೋಕೌಂಟ್ ನಂಬಬೇಡಿ. ಸೇರಿಸುವುದು, ತಿದ್ದುವುದು, ಅಳಿಸುವುದು ಮೂರನ್ನೂ ಒಟ್ಟಿಗೆ ಮಾಡಬಲ್ಲ ಮರ್ಜ್ ಆಜ್ಞೆ ಬಂದಾಗ ಅದು ಒಟ್ಟು ಸಾಲುಗಳ ಲೆಕ್ಕ ಹೇಳುತ್ತದೆ, ನಿಮ್ಮ ಟ್ರಿಗರ್‌ನ ಪಾಲಿನದಲ್ಲ.

ಇಷ್ಟೆಲ್ಲ ಮಾಡಿದರೂ ಟ್ರಿಗರ್ ಓಡದೇ ಡೇಟಾ ಬದಲಾಗುವ ದಾರಿಗಳಿವೆ. ಟ್ರಂಕೇಟ್ ಬಳಸಿ ಟೇಬಲ್ ಖಾಲಿ ಮಾಡಿದರೆ ಡಿಲೀಟ್ ಟ್ರಿಗರ್ ಓಡುವುದಿಲ್ಲ. ಫೈಲ್‌ನಿಂದ ಒಟ್ಟಿಗೆ ತುಂಬುವ ಬಲ್ಕ್ ಇನ್ಸರ್ಟ್‌ನಲ್ಲಿ ‘ಫೈರ್ ಟ್ರಿಗರ್ಸ್’ ಎಂದು ಕೇಳದಿದ್ದರೆ ಓಡುವುದಿಲ್ಲ. ಹಳೆಯ ಡೇಟಾ ತುಂಬಲು ಯಾರೋ ಡಿಸೇಬಲ್ ಮಾಡಿ ಮತ್ತೆ ಆನ್ ಮಾಡಲು ಮರೆತಿರಬಹುದು. ಅದು ‘ಸಿಸ್ ಡಾಟ್ ಟ್ರಿಗರ್ಸ್’ನಲ್ಲಿ ‘ಈಸ್_ಡಿಸೇಬಲ್ಡ್’ ಕಾಲಂ ನೋಡಿದರೆ ತಿಳಿಯುತ್ತದೆ. ಮೊದಲಿಗೆ ಜೋಪಾನ ಮಾಡಿ ಅಂದ ಆ ಹೋಲಿಕೆಯ ಕ್ವೆರಿ ಬೇಕಾಗುವುದು ಇಲ್ಲಿ. ಅದನ್ನು ಪ್ರತಿ ರಾತ್ರಿ ಓಡುವ ಜಾಬ್ ಮಾಡಿ. ಒಂದು ರೂಪಾಯಿ ವ್ಯತ್ಯಾಸ ಕಂಡರೂ ಬೆಳಿಗ್ಗೆ ನಿಮಗೆ ಮೇಲ್ ಬರಲಿ. ಆ ಜಾಬನ್ನು ಈ ವಾರವೇ ಹಾಕಿ, ಟ್ರಿಗರ್ ತಿದ್ದುವುದಕ್ಕೂ ಮೊದಲು. ತಿದ್ದಿದ ಟ್ರಿಗರ್ ಹಾಕಿದ ರಾತ್ರಿ ವ್ಯತ್ಯಾಸದ ಪಟ್ಟಿ ಖಾಲಿ ಬಂತಾ ಎಂದು ನಿಮ್ಮ ಸೀನಿಯರ್ ಜೊತೆ ಕೂತು ನೋಡಿ.